ಇಪ್ಪತ್ತು ತುಂಬುವ ಮೊದಲೇ ಬಿಡಿಸಿದ ವಜ್ರದ ಲೆಕ್ಕ

ಕಳೆದ ತಿಂಗಳು ಅಕ್ಕನ ನಿಶ್ಚಿತಾರ್ಥಕ್ಕೆ ಉಂಗುರ ತರಲು ಹೋಗಿದ್ದೆವು. ಅಕ್ಕ, ಭಾವ ಆಗಲಿರುವವರು, ಅಮ್ಮ, ಸೋದರತ್ತೆ, ಜೊತೆಗೆ ಚೀಲ ಹಿಡಿಯಲು ನಾನು. ಅಂಗಡಿಯವರು ಕಪ್ಪು ಮಖಮಲ್ಲಿನ ಮೇಲೆ ಎರಡು ಬಿಡಿ ವಜ್ರ ಇಟ್ಟರು. ಒಂದು 0.50 ಕ್ಯಾರೆಟ್, ಇನ್ನೊಂದು 0.45. ಬೆಲೆ ಹೆಚ್ಚುಕಡಿಮೆ ಒಂದೇ. ಅತ್ತೆ ಥಟ್ಟನೆ ತೂಕದ್ದರ ಮೇಲೆ ಬೆರಳಿಟ್ಟರು. ಅದೇ ದುಡ್ಡಿಗೆ ಹೆಚ್ಚು ತೂಕ ಸಿಗುವಾಗ ಕಡಿಮೆಯದನ್ನು ಯಾರಾದರೂ ತಗೊಳ್ಳುತ್ತಾರೆಯೇ ಅನ್ನುವುದು ಅವರ ನ್ಯಾಯ. ಜೀವನವಿಡೀ ಚಿನ್ನ ಕೊಂಡವರಿಗೆ ಅದು ಸರಿಯಾದ ನ್ಯಾಯವೇ.

ಅಕ್ಕನ ಕಣ್ಣು ಮಾತ್ರ ಚಿಕ್ಕದರ ಮೇಲಿತ್ತು. ಅದು ಹೆಚ್ಚು ಹೊಳೆಯುತ್ತಿತ್ತು. ಯಾಕೆ ಅಂತ ಕೇಳಿದರೆ ಅಂಗಡಿಯವರು ಕಟಿಂಗ್ ಚೆನ್ನಾಗಿದೆ ಅಂದು, ಎರಡರ ಸರ್ಟಿಫಿಕೇಟನ್ನೂ ಮುಂದಿಟ್ಟರು. ಅದರಲ್ಲಿ ವಜ್ರದ ಅಡ್ಡಸೀಳಿನ ಚಿತ್ರ, ಪಕ್ಕದಲ್ಲಿ ಕೋನಗಳು. ಹೊಳೆಯುವ ಹರಳಿನ ಕೆಳಭಾಗದ ಕೋನ 40.8 ಡಿಗ್ರಿ, ಮೇಲ್ಭಾಗದ್ದು 34.5. ಮೆಕ್ಯಾನಿಕಲ್ ಓದುವ ನನಗೆ ಇಂಥ ಡ್ರಾಯಿಂಗ್ ಹೊಸದಲ್ಲ. ಆದರೆ ಒಡವೆಗೂ ಡಿಗ್ರಿಗೂ ಏನು ಸಂಬಂಧ ಅನ್ನುವುದು ತಲೆಯಲ್ಲಿ ಕೊರೆಯಿತು. ಆ ರಾತ್ರಿ ಹುಡುಕುತ್ತ ಹೋದಾಗ ಸಿಕ್ಕವರು ಮಾರ್ಸೆಲ್ ಟೋಲ್ಕೊವ್‌ಸ್ಕಿ. ಆ ಕೋನಗಳನ್ನು ಲೆಕ್ಕ ಹಾಕಿ ಪುಸ್ತಕ ಬರೆದಾಗ ಅವರಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಅವರೂ ಎಂಜಿನಿಯರಿಂಗ್ ಓದಿದ ಹುಡುಗನೇ.

ಮಾರ್ಸೆಲ್ ಹುಟ್ಟಿದ್ದು 1899ರ ಡಿಸೆಂಬರ್ 25ರಂದು. ಅವರದು ವಜ್ರ ಕೊಯ್ಯುವವರ ಯಹೂದಿ ಮನೆತನ. ಹಿರಿಯರು ಇಂದಿನ ಪೋಲೆಂಡಿನಲ್ಲಿರುವ ಬಿಯಾಲಿಸ್ಟಾಕ್ ಊರಿನವರು. ಅಲ್ಲಿಂದ ಬೆಲ್ಜಿಯಂಗೆ ಬಂದು ಆ್ಯಂಟ್‌ವರ್ಪ್ ನಗರದಲ್ಲಿ ನೆಲೆಯೂರಿದ್ದರು. ನಮ್ಮಲ್ಲಿ ಅಕ್ಕಸಾಲಿಗರ ಬೀದಿಗಳಿದ್ದಂತೆ ಅದು ವಜ್ರ ಮಸೆಯುವವರ ಊರು. ತಿರುಗುವ ಕಬ್ಬಿಣದ ತಟ್ಟೆಗೆ ಆಲಿವ್ ಎಣ್ಣೆಯಲ್ಲಿ ಕಲಸಿದ ವಜ್ರದ ಪುಡಿ ಹಚ್ಚಿ, ಅದರ ಮೇಲೆ ಹರಳನ್ನು ಒತ್ತಿ ಹಿಡಿದು ಒಂದೊಂದೇ ಮುಖ ತೆಗೆಯುತ್ತಿದ್ದರು. ವಜ್ರವನ್ನು ವಜ್ರವೇ ಸವೆಸಬೇಕು, ಬೇರೆ ಯಾವುದಕ್ಕೂ ಆ ಗಟ್ಟಿತನವಿಲ್ಲ. ಎಷ್ಟು ಓರೆ ಹಿಡಿಯಬೇಕು ಅನ್ನುವುದನ್ನು ಕಣ್ಣು ಮತ್ತು ಕೈ ಹೇಳುತ್ತಿದ್ದವು. ತಂದೆ ಮಗನಿಗೆ, ಗುರು ಶಿಷ್ಯನಿಗೆ ತೋರಿಸಿಕೊಟ್ಟ ವಿದ್ಯೆ ಅದು. ಇದೇ ಓರೆ ಯಾಕೆ ಅಂತ ಕೇಳಿದರೆ ಹೀಗೆ ಮಾಡಿದರೆ ಚೆನ್ನಾಗಿ ಬರುತ್ತದೆ ಅನ್ನುವುದೇ ಉತ್ತರ.

1914ರ ಆಗಸ್ಟ್‌ನಲ್ಲಿ ಜರ್ಮನಿಯ ಸೇನೆ ಬೆಲ್ಜಿಯಂಗೆ ನುಗ್ಗಿತು. ಅಕ್ಟೋಬರ್‌ನಲ್ಲಿ ಆ್ಯಂಟ್‌ವರ್ಪ್ ಬಿತ್ತು. ಮಾರ್ಸೆಲ್‌ಗೆ ಆಗ ಹದಿನಾಲ್ಕು, ನಮ್ಮ ಎಂಟು-ಒಂಬತ್ತನೇ ಕ್ಲಾಸಿನ ವಯಸ್ಸು. ಲಕ್ಷಾಂತರ ಬೆಲ್ಜಿಯನ್ನರು ಊರು ಬಿಟ್ಟರು, ವಜ್ರದ ಕೆಲಸಗಾರರೂ ಲಂಡನ್, ಆಮ್‌ಸ್ಟರ್‌ಡ್ಯಾಂಗಳಿಗೆ ಚೆದುರಿದರು. ಆ ಯುದ್ಧದ ಕಾಲದಲ್ಲಿ ಮಾರ್ಸೆಲ್ ಲಂಡನ್‌ನಲ್ಲಿ ಎಂಜಿನಿಯರಿಂಗ್ ಓದಿದರು. ಮನೆತನದ ಕಸುಬಿನಿಂದ ದೂರ ಹೋಗಲು ಅದು ಒಳ್ಳೆಯ ದಾರಿಯಾಗಿತ್ತು. ನಮ್ಮಲ್ಲಿ ಎಷ್ಟೋ ಜನ ಬಿ.ಇ. ಸೇರುವುದೇ ಅದಕ್ಕೆ. ಅವರು ಮಾಡಿದ್ದು ಇದರ ತದ್ವಿರುದ್ಧ. ಕಾಲೇಜಿನಲ್ಲಿ ಕಲಿತ ಬೆಳಕಿನ ನಿಯಮಗಳನ್ನು ಮನೆಯ ಕಸುಬಿನ ಮೇಲೆ ಪ್ರಯೋಗಿಸಿದರು.

ಅವರು ಹಿಡಿದ ಪ್ರಶ್ನೆ ಕೇಳಲು ಸರಳ. ಮೇಲಿನಿಂದ ವಜ್ರದೊಳಗೆ ಹೋದ ಬೆಳಕು ತಳದಿಂದ ಸೋರಿಹೋಗದೆ, ನೋಡುವವರ ಕಣ್ಣಿಗೇ ವಾಪಸ್ ಬರಬೇಕಾದರೆ ಹರಳಿನ ಆಕಾರ ಹೇಗಿರಬೇಕು?

ಪಿಯುಸಿಯಲ್ಲಿ ನಾವೆಲ್ಲ ಸ್ನೆಲ್ ನಿಯಮ ಬಾಯಿಪಾಠ ಮಾಡಿದ್ದೇವೆ. ದಟ್ಟ ಮಾಧ್ಯಮದಿಂದ ಗಾಳಿಗೆ ಹೊರಡುವ ಕಿರಣ ಒಂದು ಮಿತಿಗಿಂತ ಹೆಚ್ಚು ಓರೆಯಾಗಿದ್ದರೆ ಹೊರಗೆ ಹೋಗದೆ ಒಳಕ್ಕೇ ಪ್ರತಿಫಲಿಸುತ್ತದೆ. ಆ ಮಿತಿಯೇ ಕ್ರಿಟಿಕಲ್ ಆ್ಯಂಗಲ್. ಸಾಮಾನ್ಯ ಗಾಜಿನಲ್ಲಿ ಅದು ಸುಮಾರು 42 ಡಿಗ್ರಿ. ವಜ್ರದ ವಕ್ರೀಭವನ ಸೂಚ್ಯಂಕ 2.417 ಇರುವುದರಿಂದ ಅಲ್ಲಿ ಬರೀ 24 ಡಿಗ್ರಿ 26 ಮಿನಿಟು. ಅಂದರೆ ವಜ್ರದೊಳಗೆ ಹೊಕ್ಕ ಬೆಳಕು ಸುಲಭವಾಗಿ ಸಿಕ್ಕಿಬೀಳುತ್ತದೆ. ಸಿಕ್ಕಿಬಿದ್ದ ಬೆಳಕನ್ನು ಎರಡು ಸಲ ತಿರುಗಿಸಿ ಮೇಲಕ್ಕೆ ಕಳಿಸುವ ಕೆಲಸ ಕೊಯ್ಯುವವನದು.

ತಳ ತೀರ ಆಳವಾದರೆ ಒಂದು ಬದಿಯಲ್ಲಿ ತಿರುಗಿದ ಬೆಳಕು ಎದುರಿನ ಬದಿಯಿಂದ ಹೊರಬೀಳುತ್ತದೆ, ಹರಳಿನ ನಡುವೆ ಕಪ್ಪು ಕಾಣುತ್ತದೆ. ತೀರ ಚಪ್ಪಟೆಯಾದರೂ ಬೆಳಕು ಸೋರುತ್ತದೆ, ಆಗ ಹರಳು ಮೀನಿನ ಕಣ್ಣಿನಂತೆ ಪೇಲವ. ಮಾರ್ಸೆಲ್ ಕಿರಣಗಳನ್ನು ಒಂದೊಂದಾಗಿ ಹಿಂಬಾಲಿಸಿ ತಳಕ್ಕೆ ಒಪ್ಪುವ ಕೋನ 40 ಡಿಗ್ರಿ 45 ಮಿನಿಟು ಎಂದು ಕಂಡುಕೊಂಡರು.

ಇಷ್ಟಾದರೆ ಬಿಳಿ ಹೊಳಪು ಸಿಗುತ್ತದೆ. ಆದರೆ ವಜ್ರದ ಚೆಲುವಿನ ಇನ್ನರ್ಧ ಅದರ ಬಣ್ಣದ ಕಿಡಿ. ಹೊರಬರುವ ಬೆಳಕು ಓರೆಯಾದ ಮುಖದಿಂದ ಹೊರಟಾಗ ಕಾಮನಬಿಲ್ಲಿನಂತೆ ಬಣ್ಣಗಳಾಗಿ ಒಡೆಯುತ್ತದೆ. ಮೇಲಿನ ಚಪ್ಪಟೆ ಭಾಗವಾದ ಟೇಬಲ್ ದೊಡ್ಡದಾದರೆ ಹೊಳಪು ಜಾಸ್ತಿ, ಬಣ್ಣ ಕಡಿಮೆ. ಅದು ಕಿರಿದಾದರೆ ಬಣ್ಣ ಜಾಸ್ತಿ, ಹೊಳಪು ಕಡಿಮೆ. ಎರಡೂ ಪೂರ್ತಿ ಸಿಗುವುದಿಲ್ಲ. ಈ ತೂಗುವಿಕೆಗೆ ಅವರು ಕೊಟ್ಟ ಉತ್ತರ: ಟೇಬಲ್ಲಿನ ಅಗಲ ಹರಳಿನ ವ್ಯಾಸದ ಶೇ 53, ಅದರ ಸುತ್ತಲಿನ ಓರೆ 34 ಡಿಗ್ರಿ 30 ಮಿನಿಟು. ಇವೆಲ್ಲವನ್ನೂ ಕಂಪ್ಯೂಟರ್, ಕ್ಯಾಲ್ಕುಲೇಟರ್ ಇಲ್ಲದ ಕಾಲದಲ್ಲಿ ತ್ರಿಕೋನಮಿತಿಯಿಂದ ಸಾಧಿಸಿದ್ದು.

1919ರಲ್ಲಿ ಲಂಡನ್‌ನಲ್ಲಿ ಅವರ ‘ಡೈಮಂಡ್ ಡಿಸೈನ್’ ಪ್ರಕಟವಾಯಿತು. ನೂರು ಪುಟದ ಆಸುಪಾಸಿನ ಚಿಕ್ಕ ಪುಸ್ತಕ. ಅದು ಶುರುವಾಗುವುದು ವಜ್ರದ ಇತಿಹಾಸದಿಂದ, ಆ ಇತಿಹಾಸದ ಮೊದಲ ಹೆಜ್ಜೆ ಭಾರತ. 18ನೇ ಶತಮಾನದಲ್ಲಿ ಬ್ರೆಜಿಲ್‌ನಲ್ಲಿ ಗಣಿ ಸಿಗುವವರೆಗೂ ಜಗತ್ತಿಗೆ ವಜ್ರ ಹೋಗುತ್ತಿದ್ದುದು ಮುಖ್ಯವಾಗಿ ನಮ್ಮ ದಖ್ಖನ್ನಿನ ಕೃಷ್ಣಾ ಕಣಿವೆಯಿಂದ, ಗೋಲ್ಕೊಂಡ ಸೀಮೆಯಿಂದ.

ನಮ್ಮವರು ಕೊಯ್ಯುತ್ತಿದ್ದುದು ಅತ್ತೆಯ ನ್ಯಾಯದ ಪ್ರಕಾರ. ಕಲ್ಲಿನ ತೂಕ ಆದಷ್ಟು ಉಳಿಯಬೇಕು. ಯುರೋಪಿನವರಿಗೆ ಹೊಳಪು ಬೇಕಿತ್ತು. ಕೊಹಿನೂರಿನ ಕಥೆಯಲ್ಲಿ ಈ ಎರಡು ದೃಷ್ಟಿಗಳು ಮುಖಾಮುಖಿಯಾದವು. 1851ರ ಲಂಡನ್ ಪ್ರದರ್ಶನದಲ್ಲಿ ಅದನ್ನು ನೋಡಿದ ಜನ ಹೊಳಪಿಲ್ಲವೆಂದು ನಿರಾಶರಾದರು. ಮರುವರ್ಷ ಅದನ್ನು ಮತ್ತೆ ಕೊಯ್ದರು. ಸುಮಾರು 186 ಕ್ಯಾರೆಟ್ ಇದ್ದದ್ದು 105.6ಕ್ಕೆ ಇಳಿಯಿತು. ಅಷ್ಟು ದೊಡ್ಡ ಕಲ್ಲನ್ನು ಸವೆಸಿ ಪುಡಿ ಮಾಡಿದ್ದು ಸರಿಯೇ ಎಂಬ ಚರ್ಚೆ ಇವತ್ತಿಗೂ ಇದೆ. ಆಗ ಎಷ್ಟು ತೆಗೆದರೆ ಸಾಕು ಎಂದು ಹೇಳುವ ಲೆಕ್ಕ ಇರಲಿಲ್ಲ. ಆ ಲೆಕ್ಕ ಬರಲು ಇನ್ನೂ 67 ವರ್ಷ ಬೇಕಾಯಿತು.

ನನಗೆ ತುಂಬ ಹಿಡಿಸಿದ್ದು ಆ ಪುಸ್ತಕದ ಕೊನೆಯ ಭಾಗ. ಲೆಕ್ಕ ಮುಗಿಸಿದ ಹುಡುಗ ಅಲ್ಲಿಗೇ ನಿಲ್ಲಿಸಲಿಲ್ಲ. ಕಸುಬುದಾರರು ಚೆನ್ನಾಗಿ ಕೊಯ್ದಿದ್ದ ನಿಜವಾದ ವಜ್ರಗಳನ್ನು ತೆಗೆದುಕೊಂಡು ಅವುಗಳ ಕೋನ ಅಳೆದು, ತನ್ನ ಉತ್ತರದ ಪಕ್ಕ ಇಟ್ಟು ನೋಡಿದರು. ಎರಡೂ ಬಹಳ ಹತ್ತಿರ ಇದ್ದವು! ಸ್ನೆಲ್ ನಿಯಮದ ಹೆಸರನ್ನೂ ಕೇಳದವರು, ಬರೀ ಕಣ್ಣು ಮತ್ತು ತಾಳ್ಮೆಯಿಂದ ಅದೇ ಜಾಗಕ್ಕೆ ತಲುಪಿದ್ದರು. ಅಮೆರಿಕದ ಬಾಸ್ಟನ್‌ನಲ್ಲಿ ಹೆನ್ರಿ ಮೋರ್ಸ್ ಎಂಬ ಕಸುಬುದಾರರು ಅದಕ್ಕೂ ದಶಕಗಳ ಮುಂಚೆಯೇ ತೂಕ ಹೋದರೆ ಹೋಗಲಿ ಎಂದು ಹೊಳಪಿಗಾಗಿ ಕೊಯ್ಯುತ್ತಿದ್ದರು. ಮಾರ್ಸೆಲ್ ಆ ಕೈಗಳ ತಿಳಿವಳಿಕೆಯನ್ನು ಸುಳ್ಳು ಮಾಡಲಿಲ್ಲ. ಅದು ಯಾಕೆ ಸರಿ ಅನ್ನುವುದನ್ನು ತೋರಿಸಿ, ಜಗತ್ತಿನ ಯಾವ ಮೂಲೆಯ ಕೆಲಸಗಾರನೂ ಅಳೆದು ನೋಡಬಹುದಾದ ಅಂಕಿಗಳನ್ನಾಗಿ ಬರೆದುಕೊಟ್ಟರು. ಕುಟುಂಬದ ಗುಟ್ಟಾಗಿ ಇಟ್ಟುಕೊಳ್ಳದೆ ಪುಸ್ತಕವಾಗಿ ಎಲ್ಲರ ಮುಂದಿಟ್ಟರು.

ಮುಂದೆ ಲಂಡನ್ ವಿಶ್ವವಿದ್ಯಾಲಯದಲ್ಲಿ ಅವರು ಡಾಕ್ಟರೇಟ್ ಪಡೆದದ್ದೂ ವಜ್ರದ ವಿಷಯದಲ್ಲೇ, ಅದು ಹೇಗೆ ಸವೆಯುತ್ತದೆ, ಅದನ್ನು ಮಸೆಯುವ ಬಗೆ ಏನು ಎನ್ನುವುದರ ಮೇಲೆ. ವಜ್ರ ಎಲ್ಲ ದಿಕ್ಕಿನಲ್ಲೂ ಒಂದೇ ಸಮ ಗಟ್ಟಿ ಇರುವುದಿಲ್ಲ, ಒಂದು ದಿಕ್ಕಿನಲ್ಲಿ ಮಸೆ ಹಿಡಿಯುತ್ತದೆ, ಇನ್ನೊಂದರಲ್ಲಿ ಜಪ್ಪಯ್ಯ ಅನ್ನುವುದಿಲ್ಲ. ಇದೂ ಕಸುಬುದಾರರಿಗೆ ಮೊದಲೇ ಗೊತ್ತಿದ್ದ ಸಂಗತಿ. ನಂತರದ ವರ್ಷಗಳಲ್ಲಿ ಮಾರ್ಸೆಲ್ ಅಮೆರಿಕಕ್ಕೆ ಹೋಗಿ ನೆಲೆಸಿದರು. ಅಲ್ಲಿ ಅವರ ಅಳತೆಗಳೇ ಆದರ್ಶ ಕಟಿಂಗ್ ಎಂದು ಹೆಸರಾದವು. 1991ರ ಫೆಬ್ರುವರಿಯಲ್ಲಿ, 91ನೇ ವಯಸ್ಸಿನಲ್ಲಿ ತೀರಿಕೊಂಡರು.

ಅವರ ಲೆಕ್ಕವೇ ಕೊನೆಯ ಮಾತಲ್ಲ. ಅವರು ಕಿರಣಗಳನ್ನು ಒಂದು ಸಮತಲದಲ್ಲಿ ಮಾತ್ರ ಹಿಂಬಾಲಿಸಿದ್ದರು, ಹರಳಿನ ಸೊಂಟದ ದಪ್ಪವನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಈಗ ಕಂಪ್ಯೂಟರ್‌ನಲ್ಲಿ ಮೂರು ಆಯಾಮದಲ್ಲಿ ನೋಡಿದವರು ಒಂದೇ ಜೋಡಿ ಕೋನ ಅಂತಿಲ್ಲ, ಹಲವು ಜೋಡಿಗಳು ಚೆನ್ನಾಗಿ ಹೊಳೆಯುತ್ತವೆ ಎಂದು ಕಂಡುಕೊಂಡಿದ್ದಾರೆ. ಆದರೂ ಆ ಹಲವು ಜೋಡಿಗಳು 1919ರ ಉತ್ತರದ ಆಸುಪಾಸಿನಲ್ಲೇ ಇವೆ. ಇವತ್ತು ಜಗತ್ತಿನ ಬಹುಪಾಲು ವಜ್ರಗಳಿಗೆ ಮುಖ ಮೂಡುವುದು ನಮ್ಮ ಸೂರತ್‌ನಲ್ಲಿ, ಅಲ್ಲಿಯ ಕೆಲಸಗಾರರ ಕೈಯಲ್ಲೂ ಇದೇ ಕೋನಗಳು.

ಮತ್ತೆ ಉಂಗುರಕ್ಕೆ ಬರುತ್ತೇನೆ. ಎರಡನೇ ಸಲ ಅಂಗಡಿಗೆ ಹೋದಾಗ ಸರ್ಟಿಫಿಕೇಟ್‌ಗಳನ್ನು ಪೂರ್ತಿ ಓದಿದೆ. ತಮಾಷೆ ಅಂದರೆ 0.50ರ ಹರಳೂ 0.45ರ ಹರಳೂ ಅಗಲದಲ್ಲಿ ಒಂದೇ, 4.9 ಮಿಲಿಮೀಟರ್ ಆಸುಪಾಸು. ತೂಕದ ಹರಳಿನ ತಳದ ಕೋನ 42 ಡಿಗ್ರಿ ದಾಟಿತ್ತು, ಸೊಂಟವೂ ದಪ್ಪ. ಹೆಚ್ಚಿನ ತೂಕವೆಲ್ಲ ಹೊಟ್ಟೆಯಲ್ಲಿ ಅಡಗಿತ್ತು, ಬೆರಳಿನ ಮೇಲೆ ಕಾಣುವಂಥದ್ದಲ್ಲ. ಅತ್ತೆಗೆ ಕೋನ, ಕಿರಣ ಅಂತ ಹೇಳಲು ಹೋಗದೆ ಎರಡನ್ನೂ ಪಕ್ಕಪಕ್ಕ ಇಟ್ಟು ಅಗಲ ತೋರಿಸಿದೆ. ಅವರು ಸುಮ್ಮನೆ ಚಿಕ್ಕದನ್ನು ಅಕ್ಕನ ಕಡೆ ಸರಿಸಿದರು.

ಕೂರಿಸುವ ಬಗೆಯಲ್ಲೂ ಲೆಕ್ಕ ಇತ್ತು. ಅಜ್ಜಿಯ ವಜ್ರದ ಓಲೆಯ ಹಾಗೆ ಹಿಂಬದಿ ಮುಚ್ಚಿದ ಕ್ಲೋಸ್ ಸೆಟ್ಟಿಂಗ್ ಇರಲಿ ಅಂತ ಅಮ್ಮನ ಆಸೆ. ಉಂಗುರ ಹಾಕಿದ ಕೈ ದಿನಾ ಸೋಪು, ಎಣ್ಣೆ ಮುಟ್ಟುತ್ತದೆ. ಹರಳಿನ ತಳಕ್ಕೆ ಗಾಳಿಯ ಬದಲು ಎಣ್ಣೆ ಅಂಟಿದರೆ ಕ್ರಿಟಿಕಲ್ ಆ್ಯಂಗಲ್ 24ರಿಂದ ಸುಮಾರು 38 ಡಿಗ್ರಿಗೆ ಏರುತ್ತದೆ. ಆಗ ಓರೆಯಾಗಿ ಬಂದ ಎಷ್ಟೋ ಕಿರಣಗಳು ತಳದಿಂದ ಸೋರಿಹೋಗಿ ವಜ್ರ ಮಂಕಾಗುತ್ತದೆ. ಮುಚ್ಚಿದ್ದರೆ ಒಳಗೆ ಸೇರಿದ ಜಿಡ್ಡು ತೆಗೆಯುವುದು ಕಷ್ಟ, ತೆರೆದಿದ್ದರೆ ಮೆತ್ತನೆಯ ಬ್ರಷ್ ಸಾಕು. ಹಾಗಾಗಿ ಆರು ಕಡ್ಡಿಗಳ ಮೇಲೆ ಹರಳನ್ನು ಎತ್ತಿ ಹಿಡಿಯುವ, 1886ರಲ್ಲಿ ನ್ಯೂಯಾರ್ಕಿನ ಟಿಫನಿಯವರು ಬಳಕೆಗೆ ತಂದ ಮಾದರಿಯನ್ನೇ ಅಕ್ಕ ಆರಿಸಿದಳು. ನಾಲ್ಕರ ಬದಲು ಆರು ಕಡ್ಡಿ ಯಾಕೆಂದರೆ ಒಂದು ಸವೆದರೂ ಹರಳು ಬೀಳಬಾರದು.

ಇಷ್ಟೆಲ್ಲ ಓದಿದ ಮೇಲೆ ಒಂದು ವಿಷಯ ನನ್ನನ್ನು ಚುಚ್ಚುತ್ತಿತ್ತು. ನಮ್ಮಪ್ಪನದು ಚಿಕ್ಕ ಲೇತ್ ವರ್ಕ್‌ಶಾಪ್. ಕಾಲೇಜಿನ ಅರ್ಜಿಗಳಲ್ಲಿ ತಂದೆಯ ಉದ್ಯೋಗ ಅಂದಲ್ಲಿ ನಾನು ಯಾವಾಗಲೂ ವ್ಯಾಪಾರ ಅಂತ ಬರೆಯುತ್ತಿದ್ದೆ. ಟೂಲಿನ ರೇಕ್ ಆ್ಯಂಗಲ್ ಬಗ್ಗೆ ಪರೀಕ್ಷೆಯಲ್ಲಿ ಹತ್ತು ಅಂಕದ ಉತ್ತರ ಬರೆದಿದ್ದೇನೆ. ಅಪ್ಪ ದಿನವೂ ಟೂಲನ್ನು ಗ್ರೈಂಡಿಂಗ್ ಕಲ್ಲಿಗೆ ಹಿಡಿದು ಕಣ್ಣಳತೆಯಲ್ಲೇ ಮಸೆಯುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಎರಡೂ ಒಂದೇ ಅಂತ ಒಮ್ಮೆಯೂ ಅನ್ನಿಸಿರಲಿಲ್ಲ.

ಹೋದ ಭಾನುವಾರ ಪ್ರೊಟ್ರ್ಯಾಕ್ಟರ್ ಹಿಡಿದು ವರ್ಕ್‌ಶಾಪಿಗೆ ಹೋದೆ. ಅಪ್ಪ ಮಸೆದಿಟ್ಟಿದ್ದ ಐದು ಟೂಲುಗಳನ್ನು ಅಳೆದು ಪಠ್ಯಪುಸ್ತಕದ ಕೋಷ್ಟಕದ ಪಕ್ಕ ಬರೆದೆ. ಒಂದೆರಡು ಡಿಗ್ರಿ ಆಚೀಚೆ, ಅಷ್ಟೆ. ಕಾಗದ ತೋರಿಸಿದಾಗ ಅಪ್ಪ ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದರು. ಆಮೇಲೆ ಇನ್ನೊಂದು ಟೂಲ್ ಕೈಗೆ ಕೊಟ್ಟು, ಹಿತ್ತಾಳೆಗೆ ಮಸೆದದ್ದು ಇದು, ಇದನ್ನೂ ಅಳೆದು ನೋಡು ಅಂದರು.