ಇಲ್ಯಾ ಮೆಚ್ನಿಕಾಫ್

ಇಲ್ಯಾ ಇಲ್ಯಿಚ್ ಮೆಚ್ನಿಕಾಫ್ (1845–1916) ರಷ್ಯಾ ಸಾಮ್ರಾಜ್ಯದಲ್ಲಿ ಜನಿಸಿದ ಪ್ರಾಣಿವಿಜ್ಞಾನಿ. ಬಿಳಿ ರಕ್ತಕಣಗಳು ರೋಗಾಣುಗಳನ್ನು ನುಂಗಿ ದೇಹವನ್ನು ರಕ್ಷಿಸುತ್ತವೆ ಎಂಬುದನ್ನು ಇವರು ಪ್ರತಿಪಾದಿಸಿದರು. 1908ರಲ್ಲಿ ಪಾಲ್ ಎರ್ಲಿಕ್ ಅವರೊಂದಿಗೆ ವೈದ್ಯಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು.

ಜೀವನ

ಮೆಚ್ನಿಕಾಫ್ ಇಂದಿನ ಉಕ್ರೇನಿನ ಖಾರ್ಕಿವ್ ಸಮೀಪ ಜನಿಸಿದರು. ಖಾರ್ಕಿವ್ ವಿಶ್ವವಿದ್ಯಾಲಯದ ನಾಲ್ಕು ವರ್ಷಗಳ ವ್ಯಾಸಂಗವನ್ನು ಎರಡೇ ವರ್ಷಗಳಲ್ಲಿ ಮುಗಿಸಿದರು. ಒಡೆಸ್ಸಾದಲ್ಲಿ ಪ್ರಾಧ್ಯಾಪಕರಾಗಿದ್ದ ಇವರು 1882ರಲ್ಲಿ ಹುದ್ದೆಯನ್ನು ತೊರೆದು ಸಿಸಿಲಿ ದ್ವೀಪದ ಮೆಸ್ಸಿನಾಕ್ಕೆ ತೆರಳಿದರು. 1888ರಿಂದ ಜೀವನದ ಕೊನೆಯವರೆಗೂ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಕಾರ್ಯನಿರ್ವಹಿಸಿದರು.

ಭಕ್ಷಕಕೋಶ ಸಿದ್ಧಾಂತ

ಮೆಸ್ಸಿನಾದಲ್ಲಿ ಇವರು ನಕ್ಷತ್ರಮೀನಿನ ಪಾರದರ್ಶಕ ಲಾರ್ವಾಗಳಿಗೆ ಸಣ್ಣ ಮುಳ್ಳುಗಳನ್ನು ಚುಚ್ಚಿದರು. ಮರುದಿನ ಚಲಿಸುವ ಕೋಶಗಳು ಮುಳ್ಳನ್ನು ಸುತ್ತುವರಿದಿರುವುದು ಸೂಕ್ಷ್ಮದರ್ಶಕದಲ್ಲಿ ಕಂಡುಬಂದಿತು. ಬಿಳಿ ರಕ್ತಕಣಗಳು ರೋಗಾಣುಗಳನ್ನು ದೇಹದಲ್ಲೆಲ್ಲ ಹರಡುತ್ತವೆ ಎಂದು ಆಗಿನ ಅನೇಕ ವೈದ್ಯರು ಭಾವಿಸಿದ್ದರು. ರಕ್ಷಣಾಶಕ್ತಿ ಇರುವುದು ಕೋಶಗಳಲ್ಲಲ್ಲ, ರಕ್ತದ್ರವದಲ್ಲಿ ಎಂದು ಜರ್ಮನಿಯ ಹಲವು ವಿಜ್ಞಾನಿಗಳು ವಾದಿಸಿದರು. ಈ ವಿವಾದ ಎರಡು ದಶಕಗಳಿಗೂ ಹೆಚ್ಚು ಕಾಲ ನಡೆಯಿತು. ಎರಡೂ ಪಕ್ಷಗಳಲ್ಲಿ ಸತ್ಯಾಂಶವಿರುವುದು ಮುಂದೆ ಸ್ಪಷ್ಟವಾಯಿತು.

ಕೋಶಕೇಂದ್ರದ ಆಕಾರ ಮತ್ತು ಕಾರ್ಯ

ಮೆಚ್ನಿಕಾಫ್ ಭಕ್ಷಕಕೋಶಗಳನ್ನು ಎರಡು ಬಗೆಯಾಗಿ ವಿಂಗಡಿಸಿದರು. ಹಲವು ಹಾಲೆಗಳ ಕೋಶಕೇಂದ್ರವುಳ್ಳ ಚಿಕ್ಕ ಕಣಗಳನ್ನು ಮೈಕ್ರೊಫೇಜ್ ಎಂದೂ, ಹಾಲೆಗಳಾಗಿ ಒಡೆಯದ ಕೋಶಕೇಂದ್ರವುಳ್ಳ ದೊಡ್ಡ ಕೋಶಗಳನ್ನು ಮ್ಯಾಕ್ರೊಫೇಜ್ ಎಂದೂ ಕರೆದರು. ಮೊದಲನೆಯವು ತೀವ್ರ ಸೋಂಕಿನಲ್ಲಿ ಬೇಗನೆ ಧಾವಿಸುತ್ತವೆ. ಎರಡನೆಯವು ದೀರ್ಘಕಾಲದ ಸೋಂಕುಗಳಲ್ಲಿಯೂ ಸತ್ತ ಕೋಶಗಳ ವಿಲೇವಾರಿಯಲ್ಲಿಯೂ ಮುಖ್ಯವಾಗಿವೆ.

ಮೈಕ್ರೊಫೇಜ್‌ಗಳಲ್ಲಿ ಪ್ರಧಾನವಾದವು ಇಂದು ನ್ಯೂಟ್ರೊಫಿಲ್ ಎನಿಸಿಕೊಂಡಿವೆ. ಇವುಗಳ ಕೋಶಕೇಂದ್ರದಲ್ಲಿ ಸಾಮಾನ್ಯವಾಗಿ 2ರಿಂದ 5 ಹಾಲೆಗಳಿದ್ದು, ತೆಳುವಾದ ಎಳೆಗಳು ಅವುಗಳನ್ನು ಜೋಡಿಸುತ್ತವೆ. ಕೋಶದ ಭಾಗಗಳಲ್ಲಿ ಕೋಶಕೇಂದ್ರವು ಬಹಳ ಬಿಗಿಯಾದುದು. ಅದು ಹಾಲೆಗಳಾಗಿ ವಿಭಾಗಗೊಂಡಿರುವುದರಿಂದ ಕಣವು ರಕ್ತನಾಳದ ಗೋಡೆಯ ಇಕ್ಕಟ್ಟಾದ ಸಂದುಗಳಲ್ಲಿ ನುಸುಳಲು ಅನುಕೂಲವಾಗುತ್ತದೆ ಎಂಬುದು ವ್ಯಾಪಕವಾದ ವಿವರಣೆ. ಆದರೆ ಆಕಾರವೊಂದೇ ಎಲ್ಲವನ್ನೂ ನಿರ್ಧರಿಸುವುದಿಲ್ಲ. ಪೆಲ್ಗರ್–ಹ್ಯುಯೆಟ್ ಎಂಬ ಆನುವಂಶಿಕ ಸ್ಥಿತಿಯಲ್ಲಿ ಹಾಲೆಗಳು ಕಡಿಮೆಯಿದ್ದರೂ, ಅದನ್ನು ಒಂದೇ ಪೋಷಕರಿಂದ ಪಡೆದವರು ಸಾಮಾನ್ಯವಾಗಿ ಆರೋಗ್ಯವಾಗಿರುತ್ತಾರೆ.

ಕೊನೆಯ ವರ್ಷಗಳು

ನಂತರದ ದಿನಗಳಲ್ಲಿ ಮೆಚ್ನಿಕಾಫ್ ಮುಪ್ಪಿನ ಕಾರಣಗಳನ್ನು ಅಧ್ಯಯನ ಮಾಡಿ, ಹುಳಿ ಹಾಲಿನಲ್ಲಿರುವ ಬ್ಯಾಕ್ಟೀರಿಯಾಗಳು ಆರೋಗ್ಯಕ್ಕೆ ಹಿತಕರವೆಂದು ಪ್ರತಿಪಾದಿಸಿದರು. 1916ರ ಜುಲೈ 15ರಂದು ಪ್ಯಾರಿಸ್ಸಿನಲ್ಲಿ ನಿಧನರಾದರು. ಇವರ ಚಿತಾಭಸ್ಮವನ್ನು ಪಾಶ್ಚರ್ ಸಂಸ್ಥೆಯ ಗ್ರಂಥಾಲಯದಲ್ಲಿ ಇರಿಸಲಾಗಿದೆ.