ಕಮಲಾ ಸೊಹೊನಿ

ಕಮಲಾ ಸೊಹೊನಿ (1911–1998) ಭಾರತದ ಜೀವರಸಾಯನ ವಿಜ್ಞಾನಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮಹಿಳೆಯರಿಗೆ ಸಂಶೋಧನೆಯ ಬಾಗಿಲು ತೆರೆಯಿಸಿದವರು. ಸಸ್ಯಕೋಶಗಳಲ್ಲಿ ಸೈಟೋಕ್ರೋಮ್ ಸಿ ಇರುವುದನ್ನು ತೋರಿಸಿಕೊಟ್ಟವರು.

ಜನನ ಮತ್ತು ವಿದ್ಯಾಭ್ಯಾಸ

ಇಂದೋರಿನಲ್ಲಿ ಜನಿಸಿದ ಕಮಲಾ ಅವರ ತವರಿನ ಹೆಸರು ಭಾಗವತ್. ತಂದೆ ನಾರಾಯಣರಾವ್ ಹಾಗೂ ತಂದೆಯ ಸಹೋದರ ಮಾಧವರಾವ್ ಇಬ್ಬರೂ ಬೆಂಗಳೂರಿನ ಇದೇ ಸಂಸ್ಥೆಯಲ್ಲಿ ಕಲಿತ ರಸಾಯನ ವಿಜ್ಞಾನಿಗಳು. ಮರಾಠಿ ಲೇಖಕಿ ದುರ್ಗಾ ಭಾಗವತ್ ಇವರ ಸಹೋದರಿ. 1933ರಲ್ಲಿ ಕಮಲಾ ಮುಂಬಯಿ ವಿಶ್ವವಿದ್ಯಾಲಯದ ಬಿ.ಎಸ್ಸಿ. ಪರೀಕ್ಷೆಯಲ್ಲಿ ಪ್ರಥಮ ಸ್ಥಾನ ಪಡೆದರು.

ಬೆಂಗಳೂರಿನಲ್ಲಿ

ಸಂಶೋಧನೆಗೆ ಅರ್ಜಿ ಸಲ್ಲಿಸಿದಾಗ ಸಂಸ್ಥೆಯ ನಿರ್ದೇಶಕರಾಗಿದ್ದವರು ನೊಬೆಲ್ ಪುರಸ್ಕೃತ ಸಿ. ವಿ. ರಾಮನ್. ಮಹಿಳೆ ಎಂಬ ಕಾರಣಕ್ಕೆ ಅರ್ಜಿ ತಿರಸ್ಕೃತವಾಯಿತು. ಅಂಕಗಳಲ್ಲಿ ಕೊರತೆಯಿರಲಿಲ್ಲವೆಂಬುದನ್ನು ಗಮನಿಸಬೇಕು. ಕಮಲಾ ಹಿಂದಿರುಗಲಿಲ್ಲ, ಗಾಂಧೀಜಿಯವರ ಮಾರ್ಗ ಹಿಡಿದು ನಿರ್ದೇಶಕರ ಕಚೇರಿಯ ಮುಂದೆ ಸತ್ಯಾಗ್ರಹಕ್ಕೆ ಕುಳಿತರೆಂದು ಪ್ರಸಿದ್ಧಿ. ಕೊನೆಗೆ ಷರತ್ತುಗಳೊಡನೆ ಪ್ರವೇಶ ದೊರೆಯಿತು. ಮೊದಲ ವರ್ಷ ಅವರನ್ನು ನಿಯಮಿತ ವಿದ್ಯಾರ್ಥಿಯೆಂದು ಪರಿಗಣಿಸತಕ್ಕದ್ದಲ್ಲ, ಮಾರ್ಗದರ್ಶಕರು ಹೇಳಿದರೆ ರಾತ್ರಿಯೂ ಕೆಲಸ ಮಾಡಬೇಕು, ಪುರುಷ ಸಂಶೋಧಕರ ಗಮನ ಕೆಡಿಸಬಾರದು ಎಂಬುವು ಆ ಷರತ್ತುಗಳು. ಮೊದಲ ಷರತ್ತು ತಮಗಾದ ಅವಮಾನವೆಂದು ಕಮಲಾ ಮುಪ್ಪಿನಲ್ಲಿಯೂ ಮರೆಯಲಿಲ್ಲ.

ಮಾರ್ಗದರ್ಶಕ ಎಂ. ಶ್ರೀನಿವಾಸಯ್ಯನವರು ಶಿಸ್ತಿನ ಗುರು. ಅವರ ಬಳಿ ಕಮಲಾ ಹಾಲು ಮತ್ತು ದ್ವಿದಳ ಧಾನ್ಯಗಳ ಪ್ರೋಟೀನುಗಳನ್ನು ಅಧ್ಯಯನ ಮಾಡಿ 1936ರಲ್ಲಿ ಎಂ.ಎಸ್ಸಿ. ಪಡೆದರು. ಈ ಒಂದು ವರ್ಷದ ಪರೀಕ್ಷೆಯ ನಂತರ ರಾಮನ್ ಮಹಿಳೆಯರಿಗೆ ಪ್ರವೇಶ ನೀಡತೊಡಗಿದರು. ಆದರೂ ಎಲ್ಲ ತೊಡಕು ನೀಗಲಿಲ್ಲ. 1940ರಲ್ಲಿ ರಾಮನ್‌ರ ಪ್ರಯೋಗಾಲಯ ಸೇರಿದ ಅಣ್ಣಾ ಮಣಿ ಐದು ಸಂಶೋಧನ ಲೇಖನಗಳನ್ನು ಪ್ರಕಟಿಸಿದರೂ, ಎಂ.ಎಸ್ಸಿ. ಇಲ್ಲವೆಂದು ಮದ್ರಾಸು ವಿಶ್ವವಿದ್ಯಾಲಯ ಅವರಿಗೆ ಪಿಎಚ್.ಡಿ. ನೀಡಲಿಲ್ಲ.

ಕೇಂಬ್ರಿಜ್

ಕೇಂಬ್ರಿಜ್‌ನಲ್ಲಿ ಡೆರೆಕ್ ರಿಕ್ಟರ್, ಬಳಿಕ ರಾಬಿನ್ ಹಿಲ್ ಅವರೊಡನೆ ಕೆಲಸ ಮಾಡುವಾಗ ಕಮಲಾ ಆಲೂಗಡ್ಡೆಯಲ್ಲಿ ಸೈಟೋಕ್ರೋಮ್ ಸಿ ಕಂಡರು. ಇದು ಕಬ್ಬಿಣಾಂಶವುಳ್ಳ ಪ್ರೋಟೀನು. ಕೋಶದ ಉಸಿರಾಟದಲ್ಲಿ ಎಲೆಕ್ಟ್ರಾನುಗಳನ್ನು ಸಾಗಿಸುತ್ತದೆ. ಪ್ರಾಣಿಗಳಂತೆ ಸಸ್ಯಗಳ ಉಸಿರಾಟದಲ್ಲಿಯೂ ಇದಕ್ಕೆ ಪಾತ್ರವಿದೆಯೆಂದು ಅವರು ಸುಮಾರು ನಲವತ್ತು ಪುಟಗಳ ಪ್ರಬಂಧದಲ್ಲಿ ತೋರಿಸಿದರು. 1939ರಲ್ಲಿ ಪಿಎಚ್.ಡಿ. ದೊರೆಯಿತು. ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಮೊದಲ ಭಾರತೀಯ ಮಹಿಳೆ ಇವರೆಂದು ಹಲವೆಡೆ ಬರೆಯಲಾಗಿದೆ. ಆದರೆ ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ 1931ರಲ್ಲಿಯೇ ಮಿಶಿಗನ್ ವಿಶ್ವವಿದ್ಯಾಲಯದಿಂದ ಡಿ.ಎಸ್ಸಿ. ಪಡೆದಿದ್ದರು. ವಿದ್ಯಾರ್ಥಿಗಳು ಈ ವ್ಯತ್ಯಾಸವನ್ನು ಗಮನದಲ್ಲಿಡಬೇಕು.

ಸ್ವದೇಶದಲ್ಲಿ

ದೆಹಲಿಯ ಲೇಡಿ ಹಾರ್ಡಿಂಜ್ ಕಾಲೇಜು ಮತ್ತು ಕೂನೂರಿನ ಪೋಷಣಾ ಸಂಶೋಧನಾಲಯಗಳಲ್ಲಿ ಸೇವೆ ಸಲ್ಲಿಸಿ, 1947ರಲ್ಲಿ ಎಂ. ವಿ. ಸೊಹೊನಿಯವರನ್ನು ವಿವಾಹವಾಗಿ ಮುಂಬಯಿಗೆ ಬಂದರು. ಅಲ್ಲಿನ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ ವಿದ್ಯಾರ್ಥಿಗಳೊಡನೆ ನೀರಾ, ತಾಳೆಬೆಲ್ಲ, ಬೇಳೆಕಾಳು, ಭತ್ತದ ಹಿಟ್ಟುಗಳ ಪೋಷಕಾಂಶಗಳನ್ನು ಪರಿಶೀಲಿಸಿದರು. ಸಿಂಧನೂರಿನ ಭತ್ತ, ಲಿಂಗಸುಗೂರು–ಮಸ್ಕಿ ಸೀಮೆಯ ತೊಗರಿ, ಕಡಲೆ ಉಂಡು ಬೆಳೆದವರಿಗೆ ಈ ವಿಷಯಗಳು ಪರಕೀಯವೆನಿಸಲಾರವು. ನೀರಾ ಕುರಿತ ಅಧ್ಯಯನ ಮೊದಲ ರಾಷ್ಟ್ರಪತಿ ರಾಜೇಂದ್ರ ಪ್ರಸಾದರ ಸಲಹೆಯಿಂದ ಆರಂಭವಾದುದು. ಅದಕ್ಕೆ ರಾಷ್ಟ್ರಪತಿ ಪ್ರಶಸ್ತಿ ಸಂದಿತು. ಅರ್ಹತೆಯಿದ್ದರೂ ಅದೇ ಸಂಸ್ಥೆಯ ನಿರ್ದೇಶಕ ಹುದ್ದೆ ಅವರಿಗೆ ಹಲವು ವರ್ಷ ತಡವಾಗಿ ದಕ್ಕಿತು.

ನಿವೃತ್ತಿಯ ನಂತರ ಭಾರತೀಯ ಗ್ರಾಹಕ ಮಾರ್ಗದರ್ಶನ ಸಂಘದಲ್ಲಿ ದುಡಿದು, ಅದರ ಕೀಮತ್ ಪತ್ರಿಕೆಗೆ ಗ್ರಾಹಕರ ಸುರಕ್ಷತೆ ಕುರಿತು ಬರೆದರು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಮೊದಲ ಮಹಿಳಾ ಮಹಾನಿರ್ದೇಶಕಿ ಜಿ. ವಿ. ಸತ್ಯವತಿಯವರು ಇವರ ಹೋರಾಟವನ್ನರಿತು ದೆಹಲಿಯಲ್ಲಿ ಸನ್ಮಾನ ಏರ್ಪಡಿಸಿದರು. ಕಮಲಾ 1998ರಲ್ಲಿ ನಿಧನರಾದರು.