ಡಾಕ್ಟರ್ ವುಡ್ ಅವರ ಸೂಜಿ

ಮಗುವಿಗೆ ಲಸಿಕೆ ಹಾಕಿಸಲು ಹೋದಾಗ ಅದು ಸೂಜಿ ಕಂಡು ರಂಪ ಮಾಡಿದ್ದು ನಿಮಗೆ ನೆನಪಿರಬಹುದು. ಆ ಸೂಜಿಯನ್ನು ವೈದ್ಯರ ಕೈಗೆ ತಂದುಕೊಟ್ಟವರಲ್ಲಿ ಪ್ರಮುಖರು ಸ್ಕಾಟ್ಲೆಂಡಿನ ಡಾ. ಅಲೆಕ್ಸಾಂಡರ್ ವುಡ್.

ಕೂಪರ್ ಎಂಬ ಪಟ್ಟಣದಲ್ಲಿ 1817ರಲ್ಲಿ ಹುಟ್ಟಿದ ವುಡ್, ಎಡಿನ್‌ಬರೋ ನಗರದಲ್ಲಿ ಓದಿ 1839ರಲ್ಲಿ ಎಂ.ಡಿ. ಪದವಿ ಪಡೆದು ಅಲ್ಲಿಯೇ ವೈದ್ಯರಾದರು. ನರಶೂಲೆಯಿಂದ ನರಳುವ ರೋಗಿಗಳನ್ನು ಕಂಡು, ನೋವಿರುವ ಜಾಗಕ್ಕೇ ಔಷಧಿ ತಲುಪಿಸುವುದು ಹೇಗೆಂದು ಅವರು ಯೋಚಿಸುತ್ತಿದ್ದರು. ಲಂಡನ್ನಿನ ಫರ್ಗುಸನ್ ಎಂಬ ಕುಶಲಕರ್ಮಿ ಹುಟ್ಟುಮಚ್ಚೆಯ ಚಿಕಿತ್ಸೆಗೆಂದು ಮಾಡಿದ್ದ ಪುಟ್ಟ ಗಾಜಿನ ಪಿಚಕಾರಿ ಅವರಿಗೆ ಸಿಕ್ಕಿತು. 1853ರಲ್ಲಿ ಒಬ್ಬ ವೃದ್ಧೆಯ ಭುಜಕ್ಕೆ, ಷೆರಿ ದ್ರಾಕ್ಷಾರಸದಲ್ಲಿ ಕರಗಿಸಿದ ಮಾರ್ಫಿಯಾವನ್ನು ಅದರಿಂದ ಚುಚ್ಚಿದರು. ಅಜ್ಜಿ ಗಾಢ ನಿದ್ರೆಗೆ ಜಾರಿದರು. ಮರುದಿನ ಬೆಳಿಗ್ಗೆ ಅವರನ್ನು ಎಬ್ಬಿಸುವುದೇ ಕಷ್ಟವಾಯಿತು! 1855ರಲ್ಲಿ ವುಡ್ ಈ ವಿಧಾನವನ್ನು ಪ್ರಕಟಿಸಿದರು. ಮುಂದೆ ಅಲ್ಲಿನ ವೈದ್ಯರ ರಾಯಲ್ ಕಾಲೇಜಿನ ಅಧ್ಯಕ್ಷರೂ ಆದರು.

ಅವರು ಒಂದು ತಪ್ಪು ತಿಳಿದಿದ್ದರು. ಚುಚ್ಚಿದ ಔಷಧಿ ಚುಚ್ಚಿದಲ್ಲೇ ಕೆಲಸಮಾಡುತ್ತದೆಂದು ನಂಬಿದ್ದರು. ಅದು ರಕ್ತದ ಮೂಲಕ ಇಡೀ ದೇಹಕ್ಕೆ ಹರಡುತ್ತದೆಂದು ಲಂಡನ್ನಿನ ಚಾರ್ಲ್ಸ್ ಹಂಟರ್ ತೋರಿಸಿಕೊಟ್ಟರು. ಅಫೀಮನ್ನು ನುಂಗಿದರೆ ಚಟ ಹತ್ತುತ್ತದೆ, ಚುಚ್ಚಿಕೊಂಡರೆ ಇಲ್ಲವೆಂದು ಆ ಕಾಲದ ಅನೇಕ ವೈದ್ಯರು ನಂಬಿದ್ದರು. ಎಷ್ಟೋ ಮನೆಗಳು ಅದರ ಬೆಲೆ ತೆತ್ತವು.

ಇನ್ನೊಂದು ಕಥೆ ನೀವು ಎಲ್ಲಾದರೂ ಓದಿರಬಹುದು. ವುಡ್ ಅವರ ಪತ್ನಿಯೇ ಮಾರ್ಫಿಯಾ ಚಟಕ್ಕೆ ಬಿದ್ದು, ಸೂಜಿಯಿಂದ ಸತ್ತ ಮೊದಲಿಗಳಾದಳು ಎಂಬ ಕಥೆ. ಅದು ಶುದ್ಧ ಸುಳ್ಳು. ವುಡ್ ತೀರಿಕೊಂಡಿದ್ದು 1884ರಲ್ಲಿ. ಪತ್ನಿ ರೆಬೆಕಾ ಆಮೇಲೂ ಹತ್ತು ವರ್ಷ ಬದುಕಿದ್ದರು. ಸೂಜಿ ತಂದವನ ಮನೆಗೇ ಶಿಕ್ಷೆ ಬರಲಿ ಎಂದು ಬಯಸಿದವರು ಈ ಕಥೆ ಕಟ್ಟಿರಬೇಕು ಎಂದು ನನಗನಿಸುತ್ತದೆ. ಅಂಥ ಬಯಕೆ ನಮ್ಮಲ್ಲೂ ಇಲ್ಲವೇ?

ನೂರು ವರ್ಷಗಳ ಬಳಿಕ ಅದೇ ಎಡಿನ್‌ಬರೋದಲ್ಲಿ ಹೆರಾಯಿನ್ ಹಬ್ಬಿತು. 1980ರ ದಶಕದ ಆರಂಭದಲ್ಲಿ ಪೊಲೀಸರು ಕೈಗೆ ಸಿಕ್ಕ ಸಿರಿಂಜುಗಳನ್ನೆಲ್ಲ ಕಿತ್ತುಕೊಂಡರು. ಅವನ್ನು ಮಾರುತ್ತಿದ್ದ ಅಂಗಡಿಯೂ ಮಾರಾಟ ನಿಲ್ಲಿಸಿತು. ಸೂಜಿ ಇಲ್ಲದಿದ್ದರೆ ಚಟ ಬಿಡುತ್ತಾರೆಂಬುದು ಲೆಕ್ಕಾಚಾರ. ಯಾರೂ ಬಿಡಲಿಲ್ಲ. ಒಂದೇ ಸೂಜಿ ಹತ್ತಾರು ಕೈ ಸುತ್ತಿತು. ಒಬ್ಬರು ಚುಚ್ಚಿಕೊಂಡ ಮೇಲೆ ಸೂಜಿಯೊಳಗೆ ಕಣ್ಣಿಗೆ ಕಾಣದಷ್ಟು ರಕ್ತ ಉಳಿದರೂ ಸಾಕು. ಏಡ್ಸ್ ತರುವ ಎಚ್.ಐ.ವಿ., ಯಕೃತ್ತನ್ನು ಕೆಡಿಸುವ ಹೆಪಟೈಟಿಸ್ ಬಿ ಮತ್ತು ಸಿ ಇನ್ನೊಬ್ಬರ ರಕ್ತ ಸೇರುತ್ತವೆ. ಹೆಪಟೈಟಿಸ್ ಸಿ ರೋಗಾಣು ಸಿರಿಂಜಿನಲ್ಲಿ ವಾರಗಟ್ಟಲೆ ಬದುಕಿರಬಲ್ಲದು. 1986ರಲ್ಲಿ ಪ್ರಕಟವಾದ ವರದಿಯಂತೆ, ಆ ನಗರದ ಒಂದು ಬಡಾವಣೆಯಲ್ಲಿ ಪರೀಕ್ಷಿಸಿದ 164 ವ್ಯಸನಿಗಳಲ್ಲಿ ಶೇಕಡಾ 51 ಮಂದಿಗೆ ಎಚ್.ಐ.ವಿ. ತಗುಲಿತ್ತು. ಎಲ್ಲರೂ ಯಾರೋ ತಾಯಿಯ ಮಕ್ಕಳು.

ಆಗ ಅಧಿಕಾರಿಗಳು ದಾರಿ ಬದಲಿಸಿದರು. 1987ರಿಂದ ಹಳೆಯ ಸೂಜಿ ತಂದುಕೊಟ್ಟವರಿಗೆ ಹೊಸದನ್ನು ಕೊಟ್ಟರು. ಹೆರಾಯಿನ್ ಬದಲು ಬಾಯಲ್ಲಿ ಕುಡಿಯುವ ಮೆಥಡೋನ್ ಔಷಧಿಯನ್ನು ವೈದ್ಯರು ಬರೆದುಕೊಟ್ಟರು. ಚುಚ್ಚಿಕೊಳ್ಳುವವರು ಕಡಿಮೆಯಾದರು, ಹೊಸ ಸೋಂಕೂ ಇಳಿಯಿತು. ಸೂಜಿ ಕೊಟ್ಟರೆ ಚಟಕ್ಕೆ ಒಪ್ಪಿಗೆ ಕೊಟ್ಟಂತಲ್ಲವೇ ಎಂದು ನೀವು ಕೇಳಬಹುದು. ತಂದೆತಾಯಿಗಳಿಗೆ ಈ ಪ್ರಶ್ನೆ ಸಹಜ. ಇಂಥ ಕೇಂದ್ರಗಳಿಂದ ಚಟ ಹೆಚ್ಚಿಲ್ಲವೆಂದು ಹಲವು ದೇಶಗಳ ಅಧ್ಯಯನಗಳು ಕಂಡುಕೊಂಡಿವೆ. ಸೂಜಿಗೆಂದು ಬಂದ ಹುಡುಗನನ್ನು ಅಲ್ಲಿನ ದಾದಿ ಕೂರಿಸಿ, ಗಾಯ ತೊಳೆದು, ರಕ್ತಪರೀಕ್ಷೆ ಮಾಡಿಸಿಕೊಳ್ಳುತ್ತೀಯಾ ಎಂದು ಕೇಳುತ್ತಾಳೆ. ಹೆಪಟೈಟಿಸ್ ಸಿ ಈಗ ಸುಮಾರು 12 ವಾರಗಳ ಮಾತ್ರೆಗಳಿಂದ ಬಹುತೇಕರಲ್ಲಿ ಗುಣವಾಗುತ್ತದೆ. ನಮ್ಮ ದೇಶದಲ್ಲೂ 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಆ ಮಾತ್ರೆಗಳನ್ನು ಉಚಿತವಾಗಿ ಕೊಡುತ್ತಾರೆ.